ಬೆಂಚಿನ ಒದ್ದೆ ತುದಿ

ನನ್ನ ಹೆಂಡತಿಯ ಮೊದಲ ಗಂಡನ ಬೆಂಚಿನ ಮೇಲೆ ನಾನು ಆರು ಚಳಿಗಾಲ ಕೂತಿದ್ದೇನೆ. ಬೇಸಿಗೆಯಲ್ಲೂ ಕೂತಿದ್ದೇನೆ, ಆದರೆ ಅದು ಲೆಕ್ಕಕ್ಕಿಲ್ಲ. ಬಿಸಿಲು ಬಂದರೆ ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರುತ್ತಾರೆ. ನವೆಂಬರಿನಿಂದ ಮಾರ್ಚಿನವರೆಗೆ ಪ್ರತಿ ಭಾನುವಾರ ಮಧ್ಯಾಹ್ನ, ಯಾರ್ಕ್‌ಷೈರಿನ ಮಳೆಯಲ್ಲಿ, ಜಲಾಶಯದ ಮೇಲಿನ ಗುಡ್ಡ ಹತ್ತಿ ಹೋಗಿ ಕೂರುವುದಕ್ಕೆ ಗುಂಡಿಗೆ ಬೇಕು, ಇಲ್ಲವೇ ಮದುವೆಯಾಗಿರಬೇಕು.

ಗ್ರೇಮ್ ಸಟ್‌ಕ್ಲಿಫ್ ತೀರಿಕೊಂಡಾಗ ಅವನಿಗೆ ನಲವತ್ತೊಂದು. ಒಂದು ಮಂಗಳವಾರ ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ. ಹೆಂಡತಿ ಬೆವ್, ಏಳು ವರ್ಷದ ಮಗಳು ಟಿಲ್ಲಿ, ತಾಯಿ ಡೊರೀನ್, ಮೂವರೂ ಸೇರಿ ಇಲ್ಲಿನ ರೂಢಿಯಂತೆ ಅವನ ಹೆಸರಿನಲ್ಲಿ ಒಂದು ಬೆಂಚು ಹಾಕಿಸಿದರು. ಬೆನ್ನಿನ ಹಲಗೆಯ ಮೇಲೆ ಹಿತ್ತಾಳೆಯ ಫಲಕ: ‘ಗ್ರೇಮ್ ಸಟ್‌ಕ್ಲಿಫ್. ಈ ನೋಟ ಅವನಿಗೆ ಬಲು ಪ್ರಿಯವಾಗಿತ್ತು.’ ಆ ನೋಟವನ್ನು ನಾನು ಆರು ಚಳಿಗಾಲದಲ್ಲಿ ಹತ್ತು ಹನ್ನೆರಡು ಸಲ ಕಂಡಿರಬಹುದು. ಉಳಿದ ದಿನಗಳಲ್ಲಿ ಎದುರಿಗೆ ಮಂಜು, ಮಂಜಿನ ಹಿಂದೆ ಮಳೆ, ಅದರ ಹಿಂದೆ ಎಲ್ಲೋ ನೀರಿದೆ ಎಂಬ ನಂಬಿಕೆ.

ಬೆಂಚಿನಲ್ಲಿ ನಾಲ್ಕು ಜನಕ್ಕೆ ಜಾಗ. ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಿದ್ದಿಲ್ಲ, ಆದರೂ ಒಂದು ಸಲವೂ ಅದಲುಬದಲಾಗಿದ್ದಿಲ್ಲ. ನಡುವೆ ಡೊರೀನ್ ಮತ್ತು ಬೆವ್, ಒಂದೇ ಛತ್ರಿಯ ಕೆಳಗೆ. ಬಲಕ್ಕೆ ಟಿಲ್ಲಿ. ಎಡ ತುದಿಗೆ ನಾನು. ಎಡ ತುದಿಯ ಹಲಗೆ ಕುಸಿದು ಅಲ್ಲಿ ಬೊಗಸೆಯಷ್ಟು ನೀರು ನಿಲ್ಲುತ್ತಿತ್ತು, ಮೇಲಿನ ಮರದ ಕೊಂಬೆಯೊಂದು ಸರಿಯಾಗಿ ನನ್ನ ಕುತ್ತಿಗೆಗೇ ಗುರಿಯಿಟ್ಟು ಹನಿ ಬಿಡುತ್ತಿತ್ತು. ಮೊಟ್ಟೆ ಸ್ಯಾಂಡ್‌ವಿಚ್, ಫ್ಲಾಸ್ಕಿನ ಚಹಾ, ಡೊರೀನ್ ಮಾಡಿ ತರುವ ಶುಂಠಿ ಕೇಕ್. ಅರ್ಧ ಗಂಟೆ. ಆಮೇಲೆ ಯಾರಾದರೊಬ್ಬರು ‘ಹೂಂ, ಸರಿ ಮತ್ತೆ’ ಎನ್ನುತ್ತಿದ್ದರು, ಎಲ್ಲರೂ ಏಳುತ್ತಿದ್ದೆವು. ಒದ್ದೆಯಾಯಿತು ಎಂದು ನಾನು ಒಂದು ದಿನವೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಅದನ್ನು ಒಳ್ಳೆಯ ನಡತೆ ಎಂದು ಕರೆದುಕೊಳ್ಳುತ್ತೇವೆ.

ನನ್ನ ಕೆಲಸವೂ ಅಂಥದ್ದೇ. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಪರೀಕ್ಷೆ ಮಾಡುತ್ತಿದ್ದೇನೆ. ಅಪರಿಚಿತರ ಪಕ್ಕದ ಸೀಟಿನಲ್ಲಿ ಕೂತು, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಎಂದಷ್ಟೇ ಹೇಳಿ, ಉಳಿದದ್ದನ್ನು ಗುರುತು ಹಾಕಿಕೊಳ್ಳುವುದು. ಹದಿನೈದು ಸಣ್ಣ ತಪ್ಪಿನವರೆಗೆ ಪಾಸು, ಒಂದೇ ಒಂದು ದೊಡ್ಡ ತಪ್ಪಾದರೆ ಮುಗಿಯಿತು. ಅತ್ತವರಿದ್ದಾರೆ, ಬೈದವರಿದ್ದಾರೆ, ಒಬ್ಬಳಂತೂ ಕಾರಿಳಿದು ನಡೆದೇ ಹೋದಳು. ನಾನು ಮುಖದಲ್ಲಿ ಏನೂ ತೋರಿಸುವುದಿಲ್ಲ. ಅದೇ ಅಭ್ಯಾಸವನ್ನು ಮನೆಗೂ ತಂದುಕೊಂಡಿದ್ದೇನೆ ಎಂದು ಬೆವ್ ಹೇಳುತ್ತಾಳೆ.

ಸೆಪ್ಟೆಂಬರಿನಲ್ಲಿ ಕೌನ್ಸಿಲಿನಿಂದ, ಅಂದರೆ ಇಲ್ಲಿನ ಪುರಸಭೆಯಿಂದ, ಒಂದು ಪತ್ರ ಬಂತು. ಲಕೋಟೆಯ ಮೇಲೆ ‘ಗ್ರೇಮ್ ಸಟ್‌ಕ್ಲಿಫ್ ಅವರ ಕುಟುಂಬಕ್ಕೆ’ ಎಂದಿತ್ತು. ಮನೆಯಲ್ಲಿ ನಾನೊಬ್ಬನೇ ಇದ್ದೆ, ಒಡೆದೆ. ಬೆಂಚಿನ ಹತ್ತು ವರ್ಷದ ಅವಧಿ ಮುಗಿಯುತ್ತ ಬಂದಿದೆ, ಮುಂದುವರಿಸುವುದಿದ್ದರೆ ಕೆಳಗಿನ ಚೌಕದಲ್ಲಿ ಗುರುತು ಹಾಕಿ, ಸಹಿ ಮಾಡಿ, ನವೆಂಬರ್ ಮೂವತ್ತರೊಳಗೆ ಕಳಿಸಿ, ಉತ್ತರ ಬಾರದಿದ್ದರೆ ಹೊಸ ವರ್ಷದಲ್ಲಿ ಆ ಜಾಗವನ್ನು ಕಾಯುತ್ತಿರುವ ಬೇರೆ ಕುಟುಂಬಕ್ಕೆ ಕೊಡಲಾಗುವುದು. ಕುಟುಂಬಕ್ಕೆ ಬಂದ ಪತ್ರ, ನಾನು ಆ ಕುಟುಂಬದವನಲ್ಲವಲ್ಲ ಎಂದುಕೊಂಡೆ. ಸಂಜೆ ಬೆವ್‌ಗೆ ಕೊಟ್ಟರಾಯಿತೆಂದು ಕಾರಿನ ಮುಂದಿನ ಖಾನೆಯಲ್ಲಿ, ನಕ್ಷೆ ಪುಸ್ತಕದ ಕೆಳಗೆ ಇಟ್ಟೆ.

ಆ ಸಂಜೆ ಕೊಡಲಿಲ್ಲ. ಮಾರನೆಯ ಸಂಜೆಯೂ ಕೊಡಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನನಗೆ ಹೊಟ್ಟೆಕಿಚ್ಚು, ಅಷ್ಟೇ. ಬದುಕಿರುವ ಗಂಡಸಿನ ಮೇಲಾದರೆ ಒಂದು ಸಮಾಧಾನವಿರುತ್ತದೆ, ಇವತ್ತಲ್ಲ ನಾಳೆ ಅವನೂ ಎಡವುತ್ತಾನೆ, ಗೊರಕೆ ಹೊಡೆಯುತ್ತಾನೆ, ಹುಟ್ಟಿದಹಬ್ಬ ಮರೆಯುತ್ತಾನೆ. ಗ್ರೇಮ್ ಹಿತ್ತಾಳೆಯಲ್ಲಿ ಕೂತುಬಿಟ್ಟಿದ್ದ. ಅವನ ಮನೆಯಲ್ಲಿ ನಾನಿದ್ದೆ, ಅವನ ಹಳೆಯ ಕಾರನ್ನೇ ಓಡಿಸುತ್ತಿದ್ದೆ, ಭಾನುವಾರವಾದರೂ ನನ್ನದಾಗಲಿ ಎನ್ನುವ ಆಸೆ ನನಗಿತ್ತು. ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವೇನೂ ಇರಲಿಲ್ಲ. ಯಾರಾದರೂ ಕೇಳಲಿ ಎಂಬುದಷ್ಟೇ ಬೇಕಿತ್ತು.

ನವೆಂಬರ್ ಮೂವತ್ತು ಬಂತು, ಹೋಯಿತು. ಡಿಸೆಂಬರಿನ ಮೊದಲ ಭಾನುವಾರದಿಂದ ನನಗೆ ಹೆದರಿಕೆ ಹಿಡಿಯಿತು. ಗುಡ್ಡ ಹತ್ತುವಾಗ ಎಲ್ಲರಿಗಿಂತ ಮುಂದೆ ಓಡುನಡಿಗೆಯಲ್ಲಿ ಹೋಗಿ ಫಲಕ ಇದೆಯೋ ಇಲ್ಲವೋ ನೋಡುತ್ತಿದ್ದೆ. ಇರುತ್ತಿತ್ತು. ನಿಟ್ಟುಸಿರು ಬಿಟ್ಟು ನನ್ನ ಒದ್ದೆ ತುದಿಯಲ್ಲಿ ಕೂರುತ್ತಿದ್ದೆ.

“ನೋಡಿದ್ರಾ ಇವನ ಉತ್ಸಾಹಾನ?” ಎಂದು ಬೆವ್ ಒಂದು ದಿನ ಡೊರೀನ್‌ಗೆ ಹೇಳಿದಳು. “ಆರು ವರ್ಷ ಬೇಕಾಯ್ತು, ಈಗ ಇವನಿಗೂ ಇಲ್ಲಿಗೆ ಬರೋದು ಇಷ್ಟ ಆಗ್ತಿದೆ.”

ಒಂದು ಬುಧವಾರ ಕೌನ್ಸಿಲಿಗೆ ಫೋನ್ ಮಾಡಿದೆ. ಕಾಯಿರಿ ಎಂದು ಒಂದು ಪಿಟೀಲು ಹಾಕಿದರು. ಹನ್ನೊಂದು ನಿಮಿಷ ಕೇಳಿ ಇಟ್ಟುಬಿಟ್ಟೆ. ಪತ್ರವನ್ನು ಹರಿದು ಎಸೆಯೋಣವೆಂದರೆ ಅದಕ್ಕೂ ಕೈ ಬರಲಿಲ್ಲ.

ಜನವರಿಯ ಮೂರನೆಯ ಭಾನುವಾರ. ಟಿಲ್ಲಿಗೆ ಈಗ ಹದಿನೇಳು, ಎಲ್ ಬೋರ್ಡ್ ಹಚ್ಚಿಕೊಂಡು ಅವಳೇ ಕಾರು ಓಡಿಸುತ್ತಾಳೆ, ಪಕ್ಕದಲ್ಲಿ ನಾನು. ಊರ ಕೆಳಗಿನ ವೃದ್ಧರ ಫ್ಲ್ಯಾಟುಗಳ ಬಾಗಿಲಲ್ಲಿ ಡೊರೀನ್ ಪ್ಲಾಸ್ಟಿಕ್ ಟೊಪ್ಪಿಗೆ ಕಟ್ಟಿಕೊಂಡು, ಕೇಕಿನ ಡಬ್ಬಿ ಎದೆಗೊತ್ತಿಕೊಂಡು ಕಾಯುತ್ತಿದ್ದರು. ಎಂಬತ್ತೊಂದು ವರ್ಷದ ಹೆಂಗಸು. ನಾವು ಒಂದೂವರೆಗೆ ಬರುತ್ತೇವೆಂದು ಗೊತ್ತಿದ್ದರೂ ಒಂದಕ್ಕೇ ಬಂದು ನಿಲ್ಲುತ್ತಾರೆ.

“ಒಳಗೇ ಇರಬಾರ್ದಾ ಅಜ್ಜಿ? ನೆನೆದುಹೋಗಿದ್ದೀಯ” ಎಂದಳು ಟಿಲ್ಲಿ.

“ಇದೇನು ಮಳೇನಾ? ಬರೀ ತುಂತುರು” ಎಂದು ಡೊರೀನ್ ಹಿಂದಿನ ಸೀಟಿನಲ್ಲಿ ಕೂತರು. ವೈಪರ್ ಜೋರಾಗಿ ಬಡಿದುಕೊಳ್ಳುತ್ತಿತ್ತು. “ಇವನು ನಿನ್ನ ಪಾಸ್ ಮಾಡ್ತಾನಂತಾ?”

“ಮನೆಯವರಿಗೆ ಇವನು ಪರೀಕ್ಷೆ ಮಾಡೋ ಹಾಗಿಲ್ಲ. ಬರೀ ಮುಖ ಗಂಟು ಹಾಕ್ಕೊಂಡು ಕೂತಿರ್ತಾನೆ.”

“ನನ್ನ ಮುಖ ಇರೋದೇ ಹೀಗೆ” ಎಂದೆ. ‘ಮನೆಯವರಿಗೆ’ ಎಂದದ್ದು ಕಿವಿಗೆ ಬಿತ್ತು, ಸಂತೋಷವಾಯಿತು, ಕೂಡಲೇ ಮುಂದಿನ ಖಾನೆಯ ಕಡೆ ಕಣ್ಣು ಹೋಯಿತು.

ಅವತ್ತು ದಾರಿಯಲ್ಲಿ ಕೆಸರು ಮೊಣಕಾಲಿನವರೆಗೆ. ಡೊರೀನ್ ಕೈ ಹಿಡಿದುಕೊಂಡು ನಡೆಯಬೇಕಾಗಿ ಬಂದದ್ದರಿಂದ ನನಗೆ ಮುಂದೆ ಓಡಲಾಗಲಿಲ್ಲ. ತಿರುವು ದಾಟಿದಾಗ ನಾಲ್ವರೂ ಒಟ್ಟಿಗೇ ನೋಡಿದೆವು. ಬೆಂಚಿನ ಮೇಲೆ ಜನ ಕೂತಿದ್ದರು. ಬೋಳುತಲೆಯ ಒಬ್ಬ ಗಂಡಸು, ಅವನ ಹೆಂಡತಿ, ನೆನೆದು ಅರ್ಧವಾದ ಒಂದು ನಾಯಿ. ಅವರ ಕೈಯಲ್ಲೂ ಫ್ಲಾಸ್ಕಿತ್ತು. ಇಬ್ಬರ ನಡುವೆ ಹೊಸ ಫಲಕ ಹೊಳೆಯುತ್ತಿತ್ತು: ‘ಎಡ್ನಾ ಬೂತ್‌ರಾಯ್ಡ್. ಇಲ್ಲಿ ಕ್ಷಣಕಾಲ ಕೂತು ಹೋಗಿ.’

ನಮ್ಮ ಮುಖ ನೋಡಿ ಆ ಮನುಷ್ಯ ಎದ್ದುನಿಂತ. “ಕ್ಷಮಿಸಿ, ಕೂತ್ಕೊಳ್ತೀರಾ?”

“ಅಯ್ಯೋ ಇಲ್ಲ, ಕ್ಷಮಿಸಿ, ನೀವು ಕೂತ್ಕೊಳ್ಳಿ” ಎಂದಳು ಬೆವ್.

“ಅಮ್ಮನ ಬೆಂಚು. ಕಳೆದ ವಾರ ಸಿಕ್ತು. ಮೂರು ವರ್ಷದಿಂದ ಕಾಯ್ತಿದ್ವಿ.” ಅವನ ಹೆಂಡತಿಯೂ ಎದ್ದಳು. “ಅವರನ್ನಾದ್ರೂ ಕೂರಿಸಿ, ವಯಸ್ಸಾದೋರು.”

“ನಾನು ಚೆನ್ನಾಗಿದ್ದೀನಿ, ಧನ್ಯವಾದ. ಕ್ಷಮಿಸಿ” ಎಂದರು ಡೊರೀನ್.

“ಇಲ್ಲ ಇಲ್ಲ, ನಾವೇ ಕ್ಷಮೆ ಕೇಳ್ಬೇಕು.”

ಐದು ಜನ ಮಳೆಯಲ್ಲಿ ನಿಂತು ಖಾಲಿ ಬೆಂಚನ್ನು ಒಬ್ಬರಿಗೊಬ್ಬರು ಉಪಚಾರ ಮಾಡಿದೆವು. ನಾಯಿ ಮೇಲೆ ಹತ್ತಿ ನನ್ನ ತುದಿಯಲ್ಲಿ ಕೂತು, ಕೂಡಲೇ ಎದ್ದು ಬೇರೆ ಕಡೆ ಹೋಯಿತು. ನಮ್ಮ ಬೆಂಚು ಇದು, ನಮ್ಮ ಫಲಕ ಎಲ್ಲಿ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಟಿಲ್ಲಿ ಮಾತ್ರ ಈ ಉಪಚಾರಕ್ಕೆ ಸೇರದೆ, ಬಗ್ಗಿ ಫಲಕದ ಮೊಳೆಗಳನ್ನು ನೋಡುತ್ತಿದ್ದಳು. ಹಳೆಯ ತೂತುಗಳಿಗೇ ಹೊಸ ಮೊಳೆ ಹೊಡೆದಿದ್ದರು. ಆಮೇಲೆ ಅವಳು ತಿರುಗಿ ಇಳಿಯತೊಡಗಿದಳು, ನಾವೂ ಇನ್ನೊಂದು ಸಲ ಕ್ಷಮೆ ಕೇಳಿ ಹಿಂದೆ ಹೋದೆವು.

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆವು. ಒದ್ದೆ ಕೋಟುಗಳ ಹಬೆಗೆ ಗಾಜುಗಳೆಲ್ಲ ಮಬ್ಬಾದವು.

“ಕೌನ್ಸಿಲಿನೋರು ಹೇಳದೆ ಕೇಳದೆ ಹೀಗೆ ಮಾಡ್ತಾರಾ?” ಎಂದಳು ಬೆವ್. “ನಾಳೇನೇ ಫೋನ್ ಮಾಡಿ ಬಿಡಿಸ್ತೀನಿ ಅವರ ಗ್ರಹಚಾರ.”

ಟಿಲ್ಲಿ ತೋಳಿನಿಂದ ಗಾಜು ಉಜ್ಜಿದಳು, ಇನ್ನಷ್ಟು ಕದಡಿತು. “ಬಟ್ಟೆ ಕೊಡು ನೀಲ್.”

ಪ್ರತಿ ವಾರ ಬಟ್ಟೆ ತೆಗೆದುಕೊಡುವವನು ನಾನೇ, ಖಾನೆಯನ್ನು ಎರಡು ಬೆರಳಿನಷ್ಟೇ ತೆರೆದು. ಅವತ್ತು ಕೈ ಮೇಲೇಳಲಿಲ್ಲ. “ಹೀಟರ್ ಹಾಕು, ತಾನೇ ಹೋಗುತ್ತೆ” ಎಂದೆ.

“ಹೀಗೆ ಕುರುಡಾಗಿ ಹೊರಟ್ರೆ ನೀನೇ ಫೇಲ್ ಮಾಡ್ತೀಯಲ್ಲ?” ಎಂದು ಅವಳು ನನ್ನ ಮೇಲಿಂದ ಬಗ್ಗಿ ಖಾನೆ ತೆರೆದು ಬಟ್ಟೆ ಎಳೆದಳು. ಬಟ್ಟೆಯ ಜೊತೆಗೆ ನಕ್ಷೆ ಪುಸ್ತಕವೂ ಲಕೋಟೆಯೂ ನನ್ನ ಮಡಿಲಿಗೆ ಬಿದ್ದವು.

ಅವಳು ಲಕೋಟೆ ತೆಗೆದುಕೊಂಡಳು. “‘ಗ್ರೇಮ್ ಸಟ್‌ಕ್ಲಿಫ್ ಅವರ ಕುಟುಂಬಕ್ಕೆ.’” ಒಳಗಿನದನ್ನು ಬಿಡಿಸಿ ಓದಿದಳು, ಹಿಂದಕ್ಕೆ ಅಮ್ಮನ ಕೈಗೆ ಕೊಟ್ಟಳು. “ಸೆಪ್ಟೆಂಬರಿಂದು. ಒಡೆದಿದೆ.”

“ನಾನೇ ಒಡೆದಿದ್ದು” ಎಂದೆ.

ಬೆವ್ ಓದಿ ಮುಗಿಸುವವರೆಗೆ ಚಾವಣಿಯ ಮೇಲೆ ಮಳೆಯ ಸದ್ದು ಕೇಳುತ್ತಿತ್ತು. ಆಮೇಲೆ ಅವಳು ಮೆಲ್ಲಗೆ, “ಮರ್ತೋಗಿತ್ತು ಅಲ್ವಾ ನೀಲ್? ಆಗ ನಿನಗೆ ಬೇರೆ ಕೆಲಸ ಜಾಸ್ತಿ ಇತ್ತು” ಎಂದಳು.

ಅವಳು ಒಳ್ಳೆಯವಳು. ತಪ್ಪಿಸಿಕೊಳ್ಳಲು ದಾರಿ ಮಾಡಿ ಕೊಡುತ್ತಿದ್ದಳು. ಹೂಂ ಎಂದಿದ್ದರೆ ಎಲ್ಲರೂ ನಂಬಿದಂತೆ ಮಾಡುತ್ತಿದ್ದರು, ಸಂಜೆಗೆ ಮಾತು ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಪಕ್ಕ ಕೂತು, ಕೆಂಪು ದೀಪ ಕಾಣಲೇ ಇಲ್ಲ ಎಂದವರೆಲ್ಲ ನೆನಪಾದರು.

“ಇಲ್ಲ. ಮರ್ತಿರ್ಲಿಲ್ಲ. ಬೇಕು ಅಂತಲೇ ಇಟ್ಕೊಂಡೆ.”

ಟಿಲ್ಲಿ ಮುಂದಿನ ಗಾಜನ್ನೇ ನೋಡುತ್ತಿದ್ದಳು. “ಇದು ಸಣ್ಣ ತಪ್ಪೋ ದೊಡ್ಡ ತಪ್ಪೋ?”

“ದೊಡ್ಡದು.”

“ಫೇಲಾದೋರು ಮತ್ತೆ ಯಾವಾಗ ಬರ್ಬೋದು?”

“ಹತ್ತು ಕೆಲಸದ ದಿನ ಬಿಟ್ಟು.”

ಹಿಂದೆ ಡಬ್ಬಿಯ ಮುಚ್ಚಳ ಟಪ್ಪೆಂದು ತೆರೆಯಿತು. “ಯಾರಿಗಾದ್ರೂ ಕೇಕ್ ಬೇಕಾ?” ಎಂದರು ಡೊರೀನ್. ಯಾರೂ ಕೈ ಚಾಚಲಿಲ್ಲ. ಅವರೇ ಒಂದು ತುಂಡು ಬಾಯಿಗೆ ಹಾಕಿಕೊಂಡು, ನುಂಗಿ, “ನಿಜ ಹೇಳ್ಲಾ? ಗ್ರೇಮ್‌ಗೆ ಆ ಗುಡ್ಡ ಕಂಡ್ರೆ ಆಗ್ತಿರ್ಲಿಲ್ಲ” ಎಂದರು.

“ಡೊರೀನ್!” ಎಂದಳು ಬೆವ್.

“ನಿಂಗೂ ಗೊತ್ತಲ್ಲ ಕಣೆ. ಚಿಕ್ಕೋನಿದ್ದಾಗ್ಲೇ ಅರ್ಧ ದಾರೀಲಿ ಕೂತು ಅಳ್ತಿದ್ದ. ‘ಈ ನೋಟ ಪ್ರಿಯ’ ಅಂತ ಹಾಕ್ಸಿದಾಗ ನಾನು ಅಂದ್ಕೊಂಡೆ, ಇರ್ಲಿ, ಇವಳಿಗೆ ಯಾವತ್ತೋ ಅವನೇ ಹಾಗಂತ ಹೇಳಿರ್ಬೇಕು.”

ಬೆವ್‌ಗೆ ನಗು ಬಂತು, ಅದರ ಬೆನ್ನಿಗೇ ಅಳು. “ಅರ್ಜಿ ಜೊತೆ ಮೂರು ಸಾಲು ಕೊಟ್ಟಿದ್ರು, ಒಂದನ್ನ ಆರಿಸಿ ಅಂತ. ಆ ವಾರ ಯಾರು ಯಾವ ಕಾಗದ ಮುಂದಿಟ್ರೂ ಗುರುತು ಹಾಕ್ತಿದ್ದೆ ನಾನು. ನಿಮಗೆ ಇಲ್ಲಿ ಬಂದ್ರೆ ಸಮಾಧಾನ ಅಂತ ವಾರ ವಾರ ಬರ್ತಿದ್ದೆ.”

“ನಾನು ಮಗು ಸಲುವಾಗಿ ಬರ್ತಿದ್ದೆ. ಮಂಡಿ ಸವೆದುಹೋಯ್ತು.”

ಇಬ್ಬರೂ ಟಿಲ್ಲಿಯ ಕಡೆ ನೋಡಿದರು. ಅವಳ ಕಿವಿ ಕೆಂಪಾಗಿತ್ತು.

“ನಂಗೆ ಅಪ್ಪ ಅಂದ್ರೆ ಆ ಬೆಂಚೇ. ಬೇರೆ ಏನೂ ಸರಿಯಾಗಿ ನೆನಪಿಲ್ಲ. ಅಲ್ಲಿ ಕೂತು ಅವನು ನೋಡ್ತಿದ್ದಿದ್ದನ್ನೇ ನೋಡ್ತಿದ್ದೀನಿ ಅಂದ್ಕೊಂಡಿದ್ದೆ. ಏನೂ ಕಾಣ್ತಿರ್ಲಿಲ್ಲ, ಆದ್ರೂ ನೋಡ್ತಿದ್ದೆ.” ಕನ್ನಡಿಯಲ್ಲಿ ಅಜ್ಜಿಯನ್ನು ನೋಡಿ ಕೇಳಿದಳು, “ಮತ್ತೆ ಅವನೆಲ್ಲಿ ಇರ್ತಿದ್ದ?”

“ಇಲ್ಲೇ” ಎಂದರು ಡೊರೀನ್. “ಇದೇ ಕಾರು, ಈಗ ನೀನು ಕೂತಿದ್ದೀಯಲ್ಲ, ಅದೇ ಸೀಟು. ನಾವೆಲ್ಲ ಗುಡ್ಡ ಹತ್ತಿದ್ರೆ ಅವನು ಸೀಟು ಹಿಂದಕ್ಕೆ ತಳ್ಳಿ, ರೇಡಿಯೋದಲ್ಲಿ ಫುಟ್‌ಬಾಲ್ ಹಾಕ್ಕೊಂಡು, ವಿನೆಗರ್ ಚಿಪ್ಸ್ ತಿಂತಾ ಬಿದ್ಕೊಂಡಿರ್ತಿದ್ದ. ನಾವು ವಾಪಸ್ ಬರೋ ಹೊತ್ತಿಗೆ ಕಾರೆಲ್ಲ ಘಮ್ಮಂತಿತ್ತು.”

ಟಿಲ್ಲಿ ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟು ಹಾಗೇ ಕೂತಳು. ಆರು ವರ್ಷ ನಾನು ಆ ಕಾರನ್ನು ಓಡಿಸಿದ್ದೆ, ವಸಂತ ಬಂದಮೇಲೆ ಗುಜರಿಗೆ ಹಾಕೋಣವೆಂದು ಬೆವ್‌ಗೆ ಎರಡು ಸಲ ಹೇಳಿದ್ದೆ. ಆಮೇಲೆ ಅವಳು ಗಾಜು ಒರೆಸಿ, ಕನ್ನಡಿ ನೋಡಿ, ಕಾರು ಹೊರಡಿಸಿದಳು. ಅಭ್ಯಾಸಬಲದಿಂದ ದಾರಿಯುದ್ದಕ್ಕೂ ಅವಳ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ.

ಫ್ಲ್ಯಾಟಿನ ಬಾಗಿಲವರೆಗೆ ಡೊರೀನ್‌ಗೆ ಛತ್ರಿ ಹಿಡಿದುಕೊಂಡು ನಾನು ಹೋದೆ. ಅವರು ಚೀಲದಲ್ಲಿ ಕೀ ಹುಡುಕುತ್ತ, “ಒಳ್ಳೇದೇ ಆಯ್ತು ಬಿಡು. ಇನ್ಮೇಲೆ ಭಾನುವಾರ ನನ್ನ ಹೊತ್ಕೊಂಡು ಓಡಾಡೋ ಕಷ್ಟ ನಿಮಗಿಲ್ಲ” ಎಂದರು. ನಗುತ್ತಲೇ ಹೇಳಿದರು. ಒಂದು ಗಂಟೆಗೇ ಬಂದು ಮಳೆಯಲ್ಲಿ ನಿಲ್ಲುವ ಹೆಂಗಸು. ನಾನು ಕಳೆದದ್ದು ಬೆಂಚನ್ನಲ್ಲ, ಈಕೆ ನಮ್ಮ ಜೊತೆ ಬರಲು ಇದ್ದ ನೆಪವನ್ನು ಎಂದು ಆಗ ತಿಳಿಯಿತು.

“ಮುಂದಿನ ಭಾನುವಾರ ಒಂದೂವರೆಗೆ ಬರ್ತೀನಿ” ಎಂದೆ.

“ಎಲ್ಲಿಗೆ? ಬೆಂಚಿಲ್ವಲ್ಲ.”

“ಕಾರಿದೆಯಲ್ಲ.”

“ನಾನು ನಿನಗೆ ಏನಾಗ್ಬೇಕು ನೀಲ್? ಏನೂ ಆಗ್ಬೇಕಾಗಿಲ್ಲ.”

“ನೀವು ಬರ್ದಿದ್ರೆ ನಂಗೆ ಬೇಜಾರಾಗುತ್ತೆ.”

ಡೊರೀನ್ ಕೀ ಹುಡುಕುವುದನ್ನು ನಿಲ್ಲಿಸಿದರು. “ಆರು ವರ್ಷ ಆ ಒದ್ದೆ ತುದೀಲೇ ಕೂತೆ. ನಾನು ನೋಡ್ತಾನೇ ಇದ್ದೆ. ಒಂದು ಮಾತು ಅಂದಿದ್ರೆ ಸರ್ಕೊಳ್ತಿದ್ವಲ್ಲೋ.”

“ಅನ್ನೋಕೆ ಆಗ್ಲಿಲ್ಲ.”

“ಹೂಂ. ನಮಗೂ ಕೇಳೋಕೆ ಆಗ್ಲಿಲ್ಲ.” ಕೀ ಸಿಕ್ಕಿತು. “ಒಂದೂವರೆ ಅಂದ್ರೆ ಒಂದೂವರೆ. ಕಾಯಿಸ್ಬೇಡ.”

ಮುಂದಿನ ಭಾನುವಾರ ಟಿಲ್ಲಿ ಓದುವುದಿದೆ ಎಂದು ಕೋಣೆಯಿಂದ ಹೊರಗೆ ಬರಲಿಲ್ಲ. ನಾನು, ಬೆವ್, ಡೊರೀನ್ ಮೂವರೇ ಹೋಗಿ ಜಲಾಶಯದ ಪಕ್ಕ ಕಾರು ನಿಲ್ಲಿಸಿ, ಕಾರಿನೊಳಗೇ ಕೂತು ಸ್ಯಾಂಡ್‌ವಿಚ್ ತಿಂದೆವು. ಓಡಿಸಿದವನು ನಾನು. ಆ ಸೀಟಿನಲ್ಲಿ ಇಡೀ ಮಧ್ಯಾಹ್ನ ಸರಿಯಾಗಿ ಬೆನ್ನೊರಗಿಸಲಾಗಲಿಲ್ಲ. ಮನೆಯಲ್ಲಿ ಟಿಲ್ಲಿ ನನ್ನ ಜೊತೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತಾಡಿದಳು. ನಾನು ದಿನ ಎಣಿಸುತ್ತಿದ್ದೆ, ಶನಿವಾರ ಭಾನುವಾರ ಬಿಟ್ಟು.

ಅದರ ಮುಂದಿನ ಭಾನುವಾರ ಕೀ ಹುಡುಕಿದರೆ ಗೂಟದಲ್ಲಿರಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಕಾರಿಗೆ ಎಲ್ ಬೋರ್ಡ್ ಹಚ್ಚಿತ್ತು, ಟಿಲ್ಲಿ ಬೆಲ್ಟ್ ಕಟ್ಟಿಕೊಂಡು ಸ್ಟಿಯರಿಂಗ್ ಹಿಂದೆ ಕೂತಿದ್ದಳು. ನಾನು ಪಕ್ಕದ ಬಾಗಿಲು ತೆರೆದೆ.

“ಹತ್ತು ದಿನ ಆಯ್ತು” ಎಂದಳು.

ಜಲಾಶಯದ ಹತ್ತಿರ ಯಾರೂ ಕಾರಿನಿಂದ ಇಳಿಯಲಿಲ್ಲ. ಟಿಲ್ಲಿ ಸೀಟನ್ನು ಹಿಂದಕ್ಕೆ ತಳ್ಳಿ, ರೇಡಿಯೋ ತಿರುಗಿಸಿ, ಎಲ್ಲೋ ಕೆಸರಿನಲ್ಲಿ ನಡೆಯುತ್ತಿದ್ದ ಒಂದು ಪಂದ್ಯ ಹಿಡಿದಳು. ಹಿಂದೆ ಬೆವ್ ಡೊರೀನ್‌ಗೆ ಚಹಾ ಬಗ್ಗಿಸಿಕೊಟ್ಟಳು. ಟಿಲ್ಲಿ ಜೇಬಿನಿಂದ ಚಿಪ್ಸ್ ಪೊಟ್ಟಣ ತೆಗೆದು ಒಡೆದಳು. ಕಾರಿನ ತುಂಬ ವಿನೆಗರ್ ವಾಸನೆ. ನಾಲ್ಕಾರು ತಿಂದು, ಪೊಟ್ಟಣವನ್ನು ನನ್ನ ಕಡೆ ನೋಡದೆಯೇ ನನ್ನ ಮುಂದೆ ಹಿಡಿದಳು.

“ನಂಗೆ ವಿನೆಗರ್ ಚಿಪ್ಸ್ ಸೇರಲ್ಲ” ಎಂದೆ.

“ಗೊತ್ತು. ತಿನ್ನು” ಎಂದಳು.

ತಿಂದೆ.